ಮೆಕ್ಸಿಕನ್ ಊಟಕ್ಕೆ ಕೂರುವ ಮುನ್ನ

ಶಿಕಾರಿಪುರ, ಸೊರಬದ ಕಡೆಯವರು ಬೆಂಗಳೂರಿಗೆ ಹೋದಾಗ ಅಲ್ಲಿರುವ ಮಕ್ಕಳು ಆಸೆಪಟ್ಟು ಮೆಕ್ಸಿಕನ್ ರೆಸ್ಟೋರೆಂಟಿಗೆ ಕರೆದೊಯ್ಯುವುದುಂಟು. ತಟ್ಟೆ ಬರುತ್ತದೆ. ಹಪ್ಪಳದಂಥ ಗಟ್ಟಿ ಚಿಪ್ಪು, ಒಳಗೆ ರಾಜ್ಮಾ, ಮೇಲೆ ತಣ್ಣನೆ ಎಲೆ, ಚೀಸು. ಬಿಲ್ಲು ಬಂದಾಗ ಅಪ್ಪನ ಮುಖ ನೋಡಬೇಕು! ರುಚಿಸದಿದ್ದರೆ ತಪ್ಪು ನಾಲಿಗೆಯದಲ್ಲ.

ಆ ಗಟ್ಟಿ ಚಿಪ್ಪಿನ ಟ್ಯಾಕೊ ಅಮೆರಿಕದಲ್ಲಿ ಜನಪ್ರಿಯವಾದ ರೂಪ. ಈ ಬಗೆಯ ಅಡುಗೆಗೆ ಟೆಕ್ಸ್-ಮೆಕ್ಸ್ ಎನ್ನುತ್ತಾರೆ. 2010ರಲ್ಲಿ ಬೆಂಗಳೂರಿನಲ್ಲೇ ಭಾರತದ ಮೊದಲ ಮಳಿಗೆ ತೆರೆದ ಟ್ಯಾಕೊ ಬೆಲ್ ಕೂಡ ಅಮೆರಿಕದ ಕಂಪನಿ. ಮೆಕ್ಸಿಕೊದ ಮನೆಗಳಲ್ಲಿ ತಿನ್ನುವುದು ಮೆತ್ತನೆಯ ಬಿಸಿ ರೊಟ್ಟಿ. ಅದರ ಹೆಸರು ಟೋರ್ಟಿಯಾ.

ಅದು ಮೆಕ್ಕೆಜೋಳದ್ದು. ಹೌದು, ನಮ್ಮ ಹೊಲದಲ್ಲಿ ಬೆಳೆದು ಕೋಳಿ ಆಹಾರಕ್ಕೆಂದು ಲಾರಿ ಹತ್ತುವ ಬೆಳೆಯೇ. ಸುಮಾರು 9,000 ವರ್ಷಗಳ ಹಿಂದೆ ಅದನ್ನು ಕಾಡುಹುಲ್ಲಿನಿಂದ ಪಳಗಿಸಿದವರು ಮೆಕ್ಸಿಕೊದ ರೈತರು. ಅಲ್ಲಿನವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಈ ಕ್ರಮಕ್ಕೆ ನಿಕ್ಸ್ಟಮಲೈಸೇಷನ್ ಎಂದು ಹೆಸರು.

ಸುಣ್ಣ ಯಾಕೆ ಅಂತೀರಾ? ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ. ಕಾಳಿನಲ್ಲಿ ಬಿಗಿದು ಕೂತ ನಯಾಸಿನ್, ಅಂದರೆ ಬಿ3 ಜೀವಸತ್ವ, ದೇಹಕ್ಕೆ ದಕ್ಕುತ್ತದೆ. ಕಾಳು ಯೂರೋಪಿಗೆ ಹೋಯಿತು, ಸುಣ್ಣದ ವಿದ್ಯೆ ಹೋಗಲಿಲ್ಲ. ಮೆಕ್ಕೆಜೋಳವನ್ನೇ ನಂಬಿದ ಬಡವರನ್ನು ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರ ಎಂಬ ಕಾಯಿಲೆ ಕಾಡಿತು.

ಹಾಗಾಗಿ ಆರ್ಡರ್ ಕೊಡುವ ಮೊದಲು ಕೇಳಿ: ಟೋರ್ಟಿಯಾ ಮೆಕ್ಕೆಜೋಳದ್ದೋ, ಮೈದಾದ್ದೋ? ಇಲ್ಲೇ ಒತ್ತಿದ್ದೋ, ಪೊಟ್ಟಣದ್ದೋ? ಮೆಕ್ಕೆಜೋಳದ್ದು, ಇಲ್ಲೇ ಮಾಡಿದ್ದು ಅಂದರೆ ಟ್ಯಾಕೊ (ಒಳಗೆ ಪಲ್ಯ ತುಂಬಿ ಮಡಿಚಿದ ಟೋರ್ಟಿಯಾ) ತರಿಸಿ. ಸಾಲ್ಸಾ ಎಂದರೆ ಟೊಮೆಟೊ, ಮೆಣಸಿನಕಾಯಿಯ ಚಟ್ನಿ; ಖಾರದ್ದು ಬೇಕೆಂದು ಬಾಯಿಬಿಟ್ಟು ಹೇಳಿ. ಗ್ವಾಕಮೋಲೆ ಎಂದರೆ ಬೆಣ್ಣೆಹಣ್ಣಿನ ಗೊಜ್ಜು. ಬುರಿಟೊ ಮೈದಾ ರೊಟ್ಟಿಯ ಸುರುಳಿ. ಅದೂ ಉತ್ತರ ಮೆಕ್ಸಿಕೊದ್ದೇ, ಒಬ್ಬರಿಗೆ ಒಂದು ಸಾಕು.

ಖರ್ಚಿನ ಮಾತು. ಕೌಂಟರಿನಲ್ಲಿ ಕೊಡುವ ಬುರಿಟೊ ಅಂಗಡಿ ಅಗ್ಗ. ಕೂತು ತಿನ್ನುವ ಕಡೆ ಇಬ್ಬರ ಬಿಲ್ಲು ಸಾವಿರ ದಾಟುವುದು ಸುಲಭ. ಮೇಲೆ ಸಾಮಾನ್ಯವಾಗಿ 5% ಜಿಎಸ್‌ಟಿ. ಸರ್ವೀಸ್ ಚಾರ್ಜ್ ಕಡ್ಡಾಯವಲ್ಲ, ಬೇಡವೆಂದು ತೆಗೆಸಬಹುದು.

ಟೋರ್ಟಿಯಾ ಮನೆಯಲ್ಲಿ ಆಗುತ್ತದಾ? ಆಗುತ್ತದೆ, ಖರ್ಚೂ ಕಡಿಮೆ. ಅರ್ಧ ಕಿಲೋ ಒಣ ಮೆಕ್ಕೆಜೋಳಕ್ಕೆ ಎಲೆ-ಅಡಿಕೆಗೆ ಹಚ್ಚುವ ಸುಣ್ಣ ಒಂದು ಟೀ ಚಮಚ ತುಂಬ, ನೀರು ಒಂದೂವರೆ ಲೀಟರು. ಗೋಡೆಗೆ ಬಳಿಯುವ ಸುಣ್ಣ ಬೇಡ. ಬಿತ್ತನೆ ಬೀಜವಂತೂ ಮುಟ್ಟಲೇಬೇಡಿ, ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಮಳೆಗೆ ನೆಂದು ಬೂಷ್ಟು ಹಿಡಿದ ಕಾಳೂ ಆಗದು. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ, ಸ್ಟೀಲಿನದು ಇಡಿ. ಮುಕ್ಕಾಲು ಗಂಟೆ ಬೇಯಿಸಿ, ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಸಿಪ್ಪೆ ಹೋಗುವಂತೆ ಉಜ್ಜಿ, ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ. ಗ್ರೈಂಡರಿನಲ್ಲಿ ನೀರು ಆದಷ್ಟು ಕಡಿಮೆ ಹಾಕಿ ಗಟ್ಟಿಯಾಗಿ ರುಬ್ಬಿ. ಬಾಳೆ ಎಲೆಯ ಮೇಲೆ ತೆಳ್ಳಗೆ ತಟ್ಟಿ, ಕಾದ ಕಾವಲಿಯಲ್ಲಿ ಎಣ್ಣೆಯಿಲ್ಲದೆ ಎರಡೂ ಬದಿ ಸುಡಿ. ನೆಂಚಿಕೊಳ್ಳಲು ಸುಟ್ಟ ಟೊಮೆಟೊ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದರೆ ಸಾಲ್ಸಾ ಆಯಿತು. ಮಿಕ್ಕ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಿ.