ಉಣ್ಣೆಯ ಬೆಡಗಿನ ನೂಲು: ಹೆಣಿಗೆಯೊಡನೆ ಕಲಿಯುವ ಬಗೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಿಡುವಳಿದಾರರಿಗೆ ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಪಡೆಯುವ ವಾಡಿಕೆ ಹೊಸದಲ್ಲ. ಹಿಕ್ಕೆಯ ಬೆಲೆಯನ್ನು ನಾವು ಬಲ್ಲೆವು. ಅದೇ ಕುರಿಯ ಉಣ್ಣೆಯ ಬೆಲೆಯನ್ನು ಮರೆತಿದ್ದೇವೆ. ಕಂಬಳಿಗೆ ನೂತು ಪಳಗಿದ ಹಿರಿಯ ಹೆಂಗಸರು ಊರೂರಿಗೆ ಕಡಿಮೆಯಾಗುತ್ತಿದ್ದಾರೆ. ಅವರೊಡನೆ ಈ ವಿದ್ಯೆಯೂ ಹೋಗದಂತೆ ನೋಡಿಕೊಳ್ಳುವುದು ಊರಿನ ಗೌಡರ ಹಾಗೂ ಹಿರಿಯರ ಹೊಣೆ.

ದಖ್ಖನಿ ಮತ್ತು ಬಳ್ಳಾರಿ ತಳಿಗಳ ಉಣ್ಣೆಯು ಒರಟು; ಮೈಗೆ ತಾಗುವ ಉಡುಪಿಗೆ, ವಿಶೇಷವಾಗಿ ಕೂಸುಗಳ ಅಂಗಿಗೆ ಸಲ್ಲದು. ಆದರೆ ಬೇಕೆಂದೇ ದಪ್ಪ-ತೆಳುವಾಗಿ, ಗಂಟುಗಂಟಾಗಿ ನೂತ ಬೆಡಗಿನ ನೂಲಿನಿಂದ ಹೆಣೆದ ಚೀಲ, ಆಸನಗಳಿಗೆ ಒರಟುತನವು ದೋಷವಲ್ಲ.

ಮೊದಲು ಉಣ್ಣೆಯನ್ನು ಅಂಟುವಾಳದ ನೀರಿನಲ್ಲಿ ನೆನೆಯಿಸಿ ತೊಳೆಯಬೇಕು. ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವುವು. ನೆರಳಿನಲ್ಲಿ ಒಣಗಿಸಿ, ಹಿಂಜಿ, ತಕಲಿಯಲ್ಲಾಗಲಿ ರಾಟೆಯಲ್ಲಾಗಲಿ ದಿನಕ್ಕೆ ಕಾಲು ಗಂಟೆ ನೂಲಬೇಕು. ಸಮನಾದ ನೂಲು ಕೈವಶವಾದ ಮೇಲೆಯೇ ಬೆಡಗಿನ ನೂಲಿಗೆ ಕೈಹಾಕತಕ್ಕದ್ದು. ಏಕೆಂದರೆ ಹುರಿಯು ತೆಳುವಾದ ಕಡೆಗೆ ಓಡುತ್ತದೆ. ದಪ್ಪವಾದ ಕಡೆ ಸಡಿಲವುಳಿದು ಅಲ್ಲಿಯೇ ಎಳೆಯು ಜಾರಿ ಬಿಡುತ್ತದೆ. ಇದಕ್ಕೆ ಪರಿಹಾರವೆಂದರೆ ತೆಳುವಾದ ಗಟ್ಟಿ ಎಳೆಯೊಂದನ್ನು ಜೊತೆಗಿಟ್ಟು, ಎರಡನ್ನೂ ನೂತ ದಿಕ್ಕಿಗೆ ಎದುರಾಗಿ ಹುರಿಗೊಳಿಸುವುದು. ಬಳಿಕ ಲಡಿ ಮಾಡಿ, ನೀರಿನಲ್ಲಿ ನೆನೆಯಿಸಿ, ತೂಗುಹಾಕಿ ಒಣಗಿಸಿದರೆ ಹುರಿಯು ನೆಲೆಗೊಳ್ಳುವುದು.

ಕೈಯಲ್ಲಿರುವ ಹೆಣಿಗೆಯನ್ನು ಇದಕ್ಕಾಗಿ ನಿಲ್ಲಿಸಬೇಕಾಗಿಲ್ಲ. ಆದರೆ ಹೊಸ ನೂಲನ್ನು ಅದರಲ್ಲಿ ಬೆರೆಸಲಾಗದು. ಒಂದು ಮನೆಯಲ್ಲಿ ಅರ್ಧ ಹೆಣೆದ ಸ್ವೆಟರಿಗೆ ಗಿರಣಿಯ ನೂಲು ಸಾಲದಾಗಲು ಕೈನೂಲನ್ನು ಸೇರಿಸಿದರು. ಮೊದಲನೆಯ ಒಗೆತಕ್ಕೇ ತೋಳುಗಳು ಕುಗ್ಗಿದವು. ಮೂರು ತಿಂಗಳ ಕೆಲಸವನ್ನು ಬಿಚ್ಚಬೇಕಾಯಿತು. ಆದುದರಿಂದ ಮೊದಲು ೪ ಅಂಗುಲ ಚೌಕದ ತುಂಡೊಂದನ್ನು ದಪ್ಪ ಕಡ್ಡಿಗಳಲ್ಲಿ ಹೆಣೆದು, ಅಳೆದು, ಒಗೆದು, ಮತ್ತೊಮ್ಮೆ ಅಳೆಯಿರಿ. ಎಷ್ಟು ಕುಗ್ಗಿತೆಂಬುದನ್ನು ತಿಳಿದ ಮೇಲೆ ಸಣ್ಣ ಚೀಲದಿಂದ ಆರಂಭಿಸಿರಿ.

ಹಿಡುವಳಿದಾರರು ಮಾಡತಕ್ಕುದು ಮೂರು. ಕುರಿ ಕತ್ತರಿಸುವ ಮುನ್ನವೇ ಕುರುಬರೊಡನೆ ಮಾತಾಡಿ, ಕರಿದು, ಬಿಳಿದು, ಹಿಕ್ಕೆ ಮೆತ್ತಿದುದು ಎಂದು ಉಣ್ಣೆಯನ್ನು ಬೇರ್ಪಡಿಸಿ, ತಕ್ಕ ಬೆಲೆ ಕೊಟ್ಟು ಕೊಳ್ಳುವುದು. ನೂಲಬಲ್ಲ ಹಿರಿಯಳನ್ನು ಗೌರವಧನವಿತ್ತು ಕಲಿಸಲು ಕರೆಯುವುದು. ಕೊಳ್ಳುವವರು ಗೊತ್ತಾಗುವವರೆಗೆ ಹೆಚ್ಚು ಉಣ್ಣೆಯನ್ನು ಕೂಡಿಹಾಕದಿರುವುದು.

ಲಾಭವು ತಟ್ಟನೆ ದೊರೆಯುವುದೆಂದು ಯಾರೂ ನಂಬಬಾರದು. ನೂತವಳ ಗಂಟೆಗಳನ್ನು ಲೆಕ್ಕವಿಟ್ಟು ಬೆಲೆ ಕಟ್ಟಬೇಕು. ಆ ಹಣವು ಅವಳ ಕೈಗೇ ಸೇರಬೇಕು. ಹಾಗಾದಲ್ಲಿ ಮಾತ್ರ ಮಗಳು ತಾಯಿಯ ಬಳಿ ಕುಳಿತು ಕದಿರು ತಿರುಗಿಸಲು ಮನಸ್ಸು ಮಾಡುವಳು.