ಮೈದಾನದಂಚಿನ ವಿದ್ಯೆ

2023ರ ಜನವರಿ 2ರ ರಾತ್ರಿ ಸಿನ್ಸಿನಾಟಿಯಲ್ಲಿ ನಡೆಯುತ್ತಿದ್ದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಬಫಲೊ ಬಿಲ್ಸ್ ತಂಡದ ಡಮಾರ್ ಹ್ಯಾಮ್ಲಿನ್ ಎದುರಾಳಿಯನ್ನು ತಡೆದು, ಎದ್ದು ನಿಂತು, ಹಾಗೇ ಹಿಂದಕ್ಕೆ ಕುಸಿದರು. ಹೃದಯ ಸ್ತಂಭಿಸಿತ್ತು. ಓಡಿಬಂದು ಅವರ ಎದೆ ಒತ್ತಿದವರು ತಂಡದ ಸಹಾಯಕ ಅಥ್ಲೆಟಿಕ್ ಟ್ರೇನರ್ ಡೆನ್ನಿ ಕೆಲಿಂಗ್ಟನ್. ಹ್ಯಾಮ್ಲಿನ್ ಬದುಕಿದರು, ಅದೇ ವರ್ಷ ಮತ್ತೆ ಆಡಿದರು.

ಈ ಟ್ರೇನರುಗಳು ಜಿಮ್‌ನಲ್ಲಿ ಕಸರತ್ತು ಮಾಡಿಸುವವರಲ್ಲ. ಆಟಗಾರರಿಗೆ ಗಾಯವಾಗದಂತೆ ಕಾಯುವುದು, ಗಾಯವಾದಾಗ ಮೊದಲು ಕೈಹಾಕುವುದು, ಮತ್ತೆ ಆಡುವಷ್ಟು ಗಟ್ಟಿಯಾಗುವವರೆಗೆ ಜೊತೆಗಿರುವುದು ಅವರ ಕೆಲಸ. ಅವರ ರಾಷ್ಟ್ರೀಯ ಸಂಘ ಹುಟ್ಟಿದ್ದು 1950ರಲ್ಲಿ, ಕಾನ್ಸಾಸ್ ಸಿಟಿಯಲ್ಲಿ. ಇದೂ ಒಂದು ಆರೋಗ್ಯ ವೃತ್ತಿಯೆಂದು ಅಮೆರಿಕನ್ ವೈದ್ಯಕೀಯ ಸಂಘ ಒಪ್ಪಲು 1990 ಬರಬೇಕಾಯಿತು. ಮೊದಲೆಲ್ಲ ಅನುಭವಿಗಳ ಕೈಕೆಳಗೆ ದುಡಿದೂ ಪ್ರಮಾಣಪತ್ರದ ಪರೀಕ್ಷೆಗೆ ಕೂರಬಹುದಿತ್ತು. 2004ರಲ್ಲಿ ಆ ದಾರಿ ಮುಚ್ಚಿತು. ಪದವಿ ಮಟ್ಟದ ಕೋರ್ಸುಗಳಿಗೂ 2022ರ ಬಳಿಕ ಹೊಸ ಪ್ರವೇಶವಿಲ್ಲ. ಈಗ ಸ್ನಾತಕೋತ್ತರ ಪದವಿಯನ್ನೇ ಓದಬೇಕು.

ಓದು ಅಂಗರಚನಾಶಾಸ್ತ್ರದಿಂದ ಶುರುವಾದರೂ ಬೇಗನೆ ಕೈಗೆ ಇಳಿಯುತ್ತದೆ. ಪಾದದ ಕೀಲಿಗೆ ಸುಕ್ಕಿಲ್ಲದಂತೆ ಟೇಪ್ ಸುತ್ತುವುದನ್ನು ನೂರಾರು ಸಲ ಮಾಡಿ ಕಲಿಯುತ್ತಾರೆ. ಸುಕ್ಕು ಉಳಿದರೆ ಬೊಬ್ಬೆ ಏಳುತ್ತದೆ. ಮೊಣಕಾಲನ್ನು ತುಸು ಮಡಿಸಿ, ತೊಡೆಯನ್ನು ಹಿಡಿದು, ಮೀನಖಂಡವನ್ನು ಮುಂದಕ್ಕೆಳೆದರೆ ಒಳಗಿನ ಎಸಿಎಲ್ ತಂತು ಹರಿದಿದೆಯೇ ಎಂಬುದು ಬೆರಳಿಗೇ ತಿಳಿಯಬೇಕು. ಇದು ಪುಸ್ತಕದಿಂದ ಬರುವುದಲ್ಲ. ಹಾಗಾಗಿ ಪರಿಣತರೊಬ್ಬರ ಕಣ್ಣೆದುರು, ನಿಜವಾದ ತಂಡಗಳ ನಡುವೆ ತಿಂಗಳುಗಟ್ಟಲೆ ದುಡಿಯಬೇಕು.

ನನ್ನನ್ನು ಹೆಚ್ಚು ತಟ್ಟುವುದು ಬಿಸಿಲಾಘಾತದ ಪಾಠ. 2001ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ತರಬೇತಿ ಶಿಬಿರದ ಸೆಕೆಯಲ್ಲಿ ಕುಸಿದು ತೀರಿಕೊಂಡರು. ಅವರ ಹೆಸರಿನ ಸಂಸ್ಥೆ ಇಂದು ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿದೆ. ವಿದ್ಯಾರ್ಥಿಗಳಿಗೆ ಕಲಿಸುವ ಸೂತ್ರ ಸ್ಪಷ್ಟ: ಮೊದಲು ತಣಿಸು, ಆಮೇಲೆ ಸಾಗಿಸು. ಆಂಬುಲೆನ್ಸ್ ಬಂದು ನಿಂತಿದ್ದರೂ ಆಟಗಾರನನ್ನು ಐಸ್ ನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ಅರ್ಧ ಗಂಟೆಯೊಳಗೆ ಮೈಕಾವು ಇಳಿಸಬೇಕು. ಬಾಯಿ, ಕಂಕುಳಲ್ಲಿ ಇಟ್ಟ ಥರ್ಮಾಮೀಟರ್ ಇಂಥಲ್ಲಿ ಸುಳ್ಳು ಹೇಳುತ್ತದೆ, ಗುದದ್ವಾರದಲ್ಲೇ ಅಳೆಯಬೇಕು. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ ಹುಡುಗಿಯರು ಆ ಸಂಕೋಚವನ್ನು ಮೀರುವುದನ್ನೂ ಕಲಿಯುತ್ತಾರೆ. ಜೀವ ಉಳಿಸುವ ಕೆಲಸದ ದೊಡ್ಡ ಪಾಲು ಇದೇ ಎಂದು ನನಗನ್ನಿಸುತ್ತದೆ.

ಇನ್ನೊಂದು ಕಷ್ಟದ ಪಾಠ, ಬೇಡ ಎನ್ನುವುದು. ತಲೆಗೆ ಪೆಟ್ಟಾದ ಹುಡುಗ ತಾನು ಚೆನ್ನಾಗಿದ್ದೇನೆ ಎಂದೇ ಹೇಳುತ್ತಾನೆ; ಕೋಚ್‌ಗೆ ಗೆಲುವು ಬೇಕಿರುತ್ತದೆ. ಅವನು ಕಣ್ತಪ್ಪಿಸಿ ಮೈದಾನಕ್ಕೆ ನುಗ್ಗದಂತೆ ಎಷ್ಟೋ ಟ್ರೇನರುಗಳು ಹೆಲ್ಮೆಟ್ಟನ್ನೇ ಕಸಿದಿಟ್ಟುಕೊಳ್ಳುತ್ತಾರೆ. ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಹೀಗೆ ಪೆಟ್ಟು ತಿಂದೂ ಮತ್ತೆ ಆಟಕ್ಕಿಳಿದ ಹದಿಮೂರರ ಬಾಲಕನೊಬ್ಬ ಮಿದುಳಿನ ರಕ್ತಸ್ರಾವದಿಂದ ಕೋಮಾಕ್ಕೆ ಜಾರಿದ. 2009ರಲ್ಲಿ ಅಲ್ಲಿ ಕಾನೂನೇ ಬಂತು: ಅಂಥ ಪೆಟ್ಟಿನ ಶಂಕೆಯಿದ್ದರೆ ಕೂಡಲೇ ಹೊರಗೆ, ಪರಿಣತರ ಲಿಖಿತ ಒಪ್ಪಿಗೆಯಿಲ್ಲದೆ ಮರಳುವಂತಿಲ್ಲ. ಉಳಿದ ರಾಜ್ಯಗಳೂ ಅಂಥದೇ ಕಾನೂನು ಮಾಡಿದವು.

ಪಾಸಾದವರು ವೃತ್ತಿಪರ ತಂಡಗಳಿಗಷ್ಟೇ ಅಲ್ಲ, ಸೇನಾ ನೆಲೆ, ನೃತ್ಯ ತಂಡ, ಕಾರ್ಖಾನೆಗಳಿಗೂ ಹೋಗುತ್ತಾರೆ. ಇಷ್ಟಾದರೂ ಅಮೆರಿಕದ ಎಷ್ಟೋ ಹೈಸ್ಕೂಲುಗಳಲ್ಲಿ ಒಬ್ಬ ಟ್ರೇನರ್ ಕೂಡ ಇಲ್ಲ. ಹಳ್ಳಿಗಾಡಿನ ಮತ್ತು ಬಡ ಶಾಲೆಗಳಲ್ಲೇ ಈ ಕೊರತೆ ಹೆಚ್ಚು.