ಅಂಗಾಲಿನ ಉರಿ, ಬ್ಯಾರನ್ನಿನ ಕಾವು

ಆಗಸ್ಟ್ ತಿಂಗಳಲ್ಲಿ ಅಂತರಸಂತೆ ದಾಟಿ ಕಬಿನಿ ಹಿನ್ನೀರಿನ ಕಡೆ ಹೊರಟರೆ ಮೂಗಿಗೆ ಮೊದಲು ಬಡಿಯುವುದು ಹೊಗೆಸೊಪ್ಪು ಬೇಯುವ ವಾಸನೆ. ಕಾಡು ನೋಡಲು ಬಂದವರು ಕಾರಿನ ಗಾಜು ಏರಿಸಿಕೊಳ್ಳುತ್ತಾರೆ. ನಾನು ಇಳಿದು ಸೊಪ್ಪು ಬೇಯಿಸುವ ಒಂದು ಬ್ಯಾರನ್ ಮುಂದೆ ಕೂತೆ. ಒಲೆಗೆ ಸೌದೆ ಒಟ್ಟುತ್ತಿದ್ದ ರೈತರ ಎಡಗಾಲಿಗೆ ಬಟ್ಟೆ ಸುತ್ತಿತ್ತು. ಜಾರಿಬಿದ್ದ ಕೆಂಡದ ಮೇಲೆ ಕಾಲಿಟ್ಟಿದ್ದರಂತೆ, ಸುಟ್ಟ ವಾಸನೆ ಬಂದ ಮೇಲೇ ಗೊತ್ತಾಗಿದ್ದಂತೆ.

"ಸಕ್ಕರೆ ಕಾಯಿಲೆ ಸ್ವಾಮಿ. ರಾತ್ರಿ ಮಲಗಿದ್ರೆ ಅಂಗಾಲು ಧಗಧಗ ಉರೀತದೆ. ಹಗಲೊತ್ತು ಕೆಂಡ ತುಳಿದ್ರೂ ತಿಳಿಯಾಕಿಲ್ಲ."

ಇಲ್ಲದ ಬೆಂಕಿ ಸುಡುತ್ತದೆ, ಇರುವ ಬೆಂಕಿ ತಿಳಿಯುವುದಿಲ್ಲ. ನೋವಿಗೆ ಹೊಸ ಔಷಧ ಹುಡುಕಹೊರಟ ದೊಡ್ಡ ಕಂಪನಿಗಳು ಸಿಕ್ಕಿಕೊಂಡಿದ್ದೂ ಇಂಥದೇ ತೊಡಕಿನಲ್ಲಿ.

ಮೆಣಸಿನಕಾಯಿ ಕಚ್ಚಿದರೂ ಉರಿ, ಕೆಂಡ ತಾಗಿದರೂ ಉರಿ ಎನ್ನುತ್ತೇವೆ. ಆ ಒಂದೇ ಮಾತು ಎಷ್ಟು ಸರಿ ಎಂಬುದು ಪ್ರಯೋಗಾಲಯದಲ್ಲಿ ಗೊತ್ತಾಗಿದ್ದು 1997ರಲ್ಲಿ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನರಕ್ಕೆ ತಾಗುವುದು ಎಲ್ಲಿ ಎಂದು ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಹುಡುಕುತ್ತಿದ್ದರು. ನರಕೋಶದ ಜೀನುಗಳನ್ನು ಖಾರ ತಿಳಿಯದ ಕೋಶಗಳಿಗೆ ಸೇರಿಸುತ್ತಾ, ಯಾವುದು ಬೆಚ್ಚಿಬೀಳುತ್ತದೆಂದು ಕಾದರು. ಸಿಕ್ಕಿದ್ದು ನರದ ತುದಿಯಲ್ಲಿರುವ ಒಂದು ಪುಟ್ಟ ಬಾಗಿಲು, ಟಿಆರ್‌ಪಿವಿ1. ಖಾರಕ್ಕೆ ತೆರೆಯುವ ಅದೇ ಬಾಗಿಲು ಸುಮಾರು 43 ಡಿಗ್ರಿ ಸೆಲ್ಸಿಯಸ್ ಶಾಖಕ್ಕೂ ತೆರೆಯಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಸ್ಪರ್ಶದ ಗ್ರಾಹಕಗಳನ್ನು ಕಂಡ ಆರ್ಡೆಮ್ ಪಟಪೂಟಿಯನ್ ಜೊತೆಯಲ್ಲಿ.

ಬ್ಯಾರನ್ನಿನ ಥರ್ಮಾಮೀಟರ್ ಲೆಕ್ಕ ಫ್ಯಾರನ್‌ಹೀಟಿನದು. ಎಲೆ ಹಳದಿ ತಿರುಗುವಾಗ ನೂರರ ಆಸುಪಾಸು, ನಡುದಂಟು ಒಣಗುವ ಹೊತ್ತಿಗೆ ನೂರಅರವತ್ತು. ಮೈಯ ಬಾಗಿಲು ತೆರೆಯುವುದು ಇವೆರಡರ ನಡುವೆ, ನೂರೊಂಬತ್ತರಲ್ಲಿ. ಗಾಯವಾಗಿ ಊದಿದ ಕಡೆ ಅದು ಇನ್ನೂ ಕಡಿಮೆ ಕಾವಿಗೇ ತೆರೆದುಕೊಳ್ಳುತ್ತದೆ. ಬಿಸಿಲಿಗೆ ಬೆಂದ ಬೆನ್ನಿಗೆ ಉಗುರುಬೆಚ್ಚಗಿನ ನೀರೂ ಚುರ್ರೆನ್ನುವುದು ಅದಕ್ಕೇ. ಹಕ್ಕಿಗಳಿಗೂ ಈ ಬಾಗಿಲಿದೆ, ಖಾರಕ್ಕೆ ಮಾತ್ರ ಅದು ಜಗ್ಗುವುದಿಲ್ಲ. ಅವು ನೆಮ್ಮದಿಯಾಗಿ ಮೆಣಸಿನಕಾಯಿ ತಿಂದು ಬೀಜ ಬಿತ್ತಿಹೋಗುತ್ತವೆ.

ಬಾಗಿಲು ಮುಚ್ಚಿಬಿಟ್ಟರೆ ನೋವು ನಿಲ್ಲಬೇಕಲ್ಲ? ಕಂಪನಿಗಳು ಮುಗಿಬಿದ್ದವು. ನಮ್ಮ ದೇಶದ ಗ್ಲೆನ್‌ಮಾರ್ಕ್ ಕೂಡ ಒಂದು ಅಣು ತಯಾರಿಸಿ 2007ರಲ್ಲಿ ಅಮೆರಿಕದ ಎಲಿ ಲಿಲ್ಲಿಗೆ ಪರವಾನಗಿ ಕೊಟ್ಟಿತ್ತು. ಮರುವರ್ಷವೇ ಪ್ರಯೋಗ ನಿಂತಿತು. ಆಮ್ಜೆನ್ ಕಂಪನಿಯ ಔಷಧ ತೆಗೆದುಕೊಂಡ ಕೆಲವರ ಮೈ 40 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿತು. ಆ ಬಾಗಿಲು ಮೈಯ ಕಾವು ಕಾಯುವ ಕೆಲಸವನ್ನೂ ಮಾಡುತ್ತಿತ್ತು! ಬೇರೆ ಕೆಲವು ಔಷಧಗಳಲ್ಲಿ ಜ್ವರವೇನೋ ಬರಲಿಲ್ಲ, ಆದರೆ ಸುಡುವ ಬಿಸಿಯೂ ಬಿಸಿ ಎನ್ನಿಸದಾಯಿತು. ದುಡ್ಡು ಸುರಿದು, ಬುದ್ಧಿವಂತರು ಕೂತು, ನಮ್ಮ ರೈತರ ಹಗಲಿನ ಕಾಲನ್ನೇ ತಯಾರಿಸಿದಂತಾಯಿತು.

ಕೈಹಿಡಿದಿದ್ದು ಅಡ್ಡದಾರಿ. ಬಾಗಿಲು ಮುಚ್ಚುವ ಬದಲು ಅದು ಸೋಲುವವರೆಗೂ ತೆರೆದಿಡುವುದು. ಶೇಕಡಾ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ವೈದ್ಯರ ಕಣ್ಣೆದುರಲ್ಲೇ ಅಂಟಿಸುತ್ತಾರೆ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವಿಗೆ ಒಂದು ಗಂಟೆ, ಪಾದಕ್ಕೆ ಅರ್ಧ ಗಂಟೆ. ಮೊದಲು ಚೆನ್ನಾಗಿ ಉರಿಯುತ್ತದೆ, ಆಮೇಲೆ ಚರ್ಮದ ನರತುದಿಗಳು ಹಿಂದೆ ಸರಿಯುತ್ತವೆ. ಗುಣ ಕಂಡವರಿಗೆ ಸುಮಾರು ಮೂರು ತಿಂಗಳು ಆರಾಮ. ಅಮೆರಿಕದಲ್ಲಿ ಇದಕ್ಕೆ 2009ರಲ್ಲಿ ಒಪ್ಪಿಗೆ ಸಿಕ್ಕಿತು, ಸಕ್ಕರೆ ಕಾಯಿಲೆಯವರ ಪಾದದ ನೋವಿಗೆ 2020ರಲ್ಲಿ. ಮೊರಾಕೊದ ಒಂದು ಕಳ್ಳಿಯ ಹಾಲಿನಿಂದ ಬರುವ, ಕ್ಯಾಪ್ಸೈಸಿನ್ನಿಗಿಂತ ಬಹುಪಟ್ಟು ತೀಕ್ಷ್ಣವಾದ ರೆಸಿನಿಫೆರಾಟಾಕ್ಸಿನ್ನನ್ನು ಸವೆದ ಮಂಡಿಗೆ ಚುಚ್ಚಿ ನೋಡುವ ಪ್ರಯೋಗಗಳೂ ನಡೆದಿವೆ. ಹೀಗೆ ಒಂದು ಜಾಗಕ್ಕಷ್ಟೇ ಔಷಧ ಕೊಟ್ಟರೆ ಉಳಿದ ಮೈಯ ಕಾವಲು ಹಾಗೇ ಉಳಿಯುತ್ತದೆ.

ಮೆಣಸಿನ ಪಟ್ಟಿಯ ವಿಷಯ ಹೇಳಿದೆ. ರೈತರು ನಕ್ಕರು. "ಉರಿಯೋ ಕಾಲಿಗೆ ಮೆಣಸಿನಕಾಯಾ?" ಅಷ್ಟರಲ್ಲಿ ಅವರ ಹೆಂಡತಿ ಕಾಲು ತೊಳೆಯಲು ಬಿಸಿನೀರು ತಂದರು. ಬಕೀಟು ಕೆಳಗಿಟ್ಟು, ಮೊದಲು ತಮ್ಮ ಕೈ ಅದ್ದಿ ನೋಡಿ, ಇನ್ನೊಂದು ಚೊಂಬು ತಣ್ಣೀರು ಬೆರೆಸಿದರು.